ಬಿಡದಿ: ರಾಗಿ ಹೊಲದಿಂದ ಕೈಗಾರಿಕಾ ಪ್ರದೇಶದವರೆಗೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಬಿಡದಿಯು ರಾಗಿ ಮತ್ತು ರೇಷ್ಮೆ ಬೇಸಾಯವನ್ನು ನೆಚ್ಚಿದ ಹಳ್ಳಿಯಾಗಿದ್ದು, 1880ರ ದಶಕದ ಆರಂಭದಲ್ಲಿ ಎರಡೂ ನಗರಗಳ ನಡುವೆ ರೈಲು ಸಂಚಾರ ಆರಂಭವಾದ ಮೇಲೆ ಹೊರಜಗತ್ತಿಗೆ ಇನ್ನಷ್ಟು ಹತ್ತಿರವಾಯಿತು.

ಕೈಗಾರಿಕೆಗಳಿಗೆ ಭೂಮಿ ಸ್ವಾಧೀನಪಡಿಸಿಕೊಂಡು ಹಂಚುವ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಇಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿದ್ದು, 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ವಾಹನದೊಂದಿಗೆ ತಯಾರಿಕೆಯನ್ನು ಆರಂಭಿಸಿತು.

ಅಗಲವಾದ ತಟ್ಟೆಗಳಿಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸುವ ತಟ್ಟೆ ಇಡ್ಲಿ ಊರಿನ ಹೆಸರನ್ನು ನಾಡಿನಾದ್ಯಂತ ಹರಡಿದೆ.

ಅರ್ಕಾವತಿಯ ಉಪನದಿಯಾದ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಸಮೀಪದ ಬೈರಮಂಗಲ ಜಲಾಶಯವು ಹೊಲಗದ್ದೆಗಳಿಗೆ ನೀರುಣಿಸುತ್ತ ಬಂದಿದ್ದರೂ, ಬೆಂಗಳೂರಿನ ಕೊಳಚೆ ನೀರು ಸೇರಿ ಮಲಿನಗೊಂಡಿರುವುದರಿಂದ, ಅದನ್ನು ಶುದ್ಧಗೊಳಿಸುವುದು ಈ ನೆಲದ ತುರ್ತು ಅಗತ್ಯವಾಗಿದೆ.