ವಾದ ಗೆಲ್ಲುವುದಲ್ಲ, ಸೋದರನನ್ನು ಗೆಲ್ಲುವುದು
(ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರವರ ಹಬ್ಬ – ಜನವರಿ 24)



ನಮ್ಮ ವಿಶ್ವಾಸವನ್ನು ಯಾರಾದರೂ ಹಳಿದಾಗ ಸಾಮಾನ್ಯವಾಗಿ ನಾವು ಮಾಡುವುದು ಎರಡೇ: ಸಿಟ್ಟಿನಿಂದ ಎದುರುತ್ತರ ಕೊಡುತ್ತೇವೆ, ಇಲ್ಲವೇ ತಲೆತಗ್ಗಿಸಿ ಸುಮ್ಮನಾಗುತ್ತೇವೆ. ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರವರು ಮೂರನೆಯ ದಾರಿಯೊಂದನ್ನು ನಡೆದು ತೋರಿಸಿದರು.

ಅವರು ಹುಟ್ಟಿದ್ದು 1567ರಲ್ಲಿ, ಸವಾಯ್ ಸೀಮೆಯ ಕುಲೀನ ಮನೆತನದಲ್ಲಿ. ಪ್ಯಾರಿಸ್ ಮತ್ತು ಪಾದುವಾಗಳಲ್ಲಿ ಓದಿ ಕಾನೂನು ಪಂಡಿತರಾದರು. ಮಗ ದೊಡ್ಡ ಅಧಿಕಾರಿಯಾಗಲೆಂದು ತಂದೆ ಬಯಸಿದ್ದರು. ಮಗನಾದರೋ 1593ರಲ್ಲಿ ಗುರುವಾದರು. ಮರುವರ್ಷವೇ ಸೋದರಬಂಧು ಲೂಯಿಯವರೊಡನೆ ಜಿನೀವಾ ಸರೋವರದ ದಕ್ಷಿಣ ದಡದ ಶಾಬ್ಲೆ ಪ್ರಾಂತ್ಯಕ್ಕೆ ಹೊರಟರು. 1536ರಲ್ಲಿ ಬರ್ನ್ ನಗರದ ಸೈನ್ಯ ಆ ನಾಡನ್ನು ಹಿಡಿದ ಮೇಲೆ ಅಲ್ಲಿ ಬಲಿಪೂಜೆ ನಿಂತುಹೋಗಿತ್ತು. ಜನ ಕ್ಯಾಲ್ವಿನ್‌ರ ಬೋಧನೆಯಲ್ಲೇ ಬೆಳೆದಿದ್ದರು.

ರಾತ್ರಿ ಅಲ್ಲಿಂಜ್ ಕೋಟೆಯಲ್ಲಿ ತಂಗುವುದು, ಹಗಲು ಥೋನೊನ್ ಪಟ್ಟಣಕ್ಕೆ ಕಾಲ್ನಡಿಗೆ. ಪ್ರಬೋಧನೆ ಕೇಳಲು ಬರುವವರು ಬೆರಳೆಣಿಕೆಯಷ್ಟು. ಪ್ರಾಣಕ್ಕೂ ಅಪಾಯ ಬಂತು. ಕೇಳಲು ಬಾರದವರು ಓದಲಿ ಎಂದು ಅವರು ಬಿಡಿ ಹಾಳೆಗಳಲ್ಲಿ ಬರೆದು ಹಂಚಿದರು, ಮನೆಬಾಗಿಲುಗಳ ಅಡಿಯಲ್ಲಿ ತೂರಿಸಿದರು. ಆ ಬರಹದಲ್ಲಿ ತಪ್ಪನ್ನು ತಪ್ಪೆಂದೇ ಹೇಳಿದರು. ಆದರೆ ಎದುರಾಳಿಯೂ ಒಪ್ಪುವ ಪವಿತ್ರ ಗ್ರಂಥದಿಂದಲೇ ವಾದ ಹೂಡಿದರು. ಈ ಕಾರಣದಿಂದಲೇ 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಅವರನ್ನು ಕ್ರೈಸ್ತ ಬರಹಗಾರರ ಪಾಲಕರೆಂದು ಸಾರಿದರು.

1598ರಲ್ಲಿ ಶಾಬ್ಲೆಯ ಜನ ದೊಡ್ಡ ಸಂಖ್ಯೆಯಲ್ಲಿ ಧರ್ಮಸಭೆಗೆ ಮರಳಿದರು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸವಾಯ್ ಡ್ಯೂಕರ ಒತ್ತಡವೂ ಇದರ ಹಿಂದಿತ್ತು. ಫ್ರಾನ್ಸಿಸರೂ ಆ ಕಾಲದವರಂತೆ ಅರಸನ ನೆರವನ್ನು ಬೇಡಿದ್ದುಂಟು. ಯಾರು ಪ್ರೀತಿಗೆ ಒಲಿದು ಬಂದರು, ಯಾರು ಅಂಜಿ ಬಂದರು ಎಂಬುದನ್ನು ದೇವರೇ ಬಲ್ಲರು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬೋಧಿಸಿತು.

ಆದ್ದರಿಂದ ಅವರ ಪ್ರೀತಿಯನ್ನು ಮರಳಿ ಬಂದವರ ಲೆಕ್ಕದಲ್ಲಿ ಅಳೆಯದೆ, ಬಾರದವರೊಬ್ಬರ ಮನೆಯಲ್ಲಿ ನೋಡೋಣ. 1597ರಲ್ಲಿ ಫ್ರಾನ್ಸಿಸರು ಡ್ಯೂಕರ ಅಧಿಕಾರ ನಡೆಯದ ಜಿನೀವಾಕ್ಕೆ ಹೋಗಿ, ಕ್ಯಾಲ್ವಿನ್‌ರ ಉತ್ತರಾಧಿಕಾರಿ ತಿಯೊಡೊರ್ ಬೇಝಾರನ್ನು ಕಂಡರು. ಒಬ್ಬರು ಮೂವತ್ತು ತುಂಬದ ಗುರು, ಮತ್ತೊಬ್ಬರು ಎಪ್ಪತ್ತೈದು ದಾಟಿದ ಪಂಡಿತರು. ಮಾತುಕತೆ ಸೌಜನ್ಯದಿಂದ ನಡೆಯಿತು. ಫ್ರಾನ್ಸಿಸರು ಮತ್ತೆಯೂ ಹೋದರು. ಬೇಝಾ ಮನಸ್ಸು ಬದಲಿಸಲಿಲ್ಲ. ಲೋಕದ ಕಣ್ಣಿಗೆ ಇದು ಸೋಲು. ಆದರೆ ಸೇನೆಯಿಲ್ಲದೆ, ಗೌರವವನ್ನು ಹೊತ್ತು ಎದುರಾಳಿಯ ಬಾಗಿಲು ತಟ್ಟಿದ ಆ ನಡೆಯೇ ಇಂದಿಗೂ ನಮಗೆ ಪಾಠ. ಡಾನ್ ಬೋಸ್ಕೊರವರು ತಮ್ಮ ಸಭೆಗೆ ಸಲೇಶಿಯನ್ ಎಂದು ಹೆಸರಿಟ್ಟದ್ದು ಈ ಸೌಮ್ಯ ಸಂತರನ್ನು ನೆನೆದೇ.

ಪ್ರಿಯರೇ, ಸಹೋದ್ಯೋಗಿ ಕೆಣಕಿದಾಗ, ಕಾಲೇಜಿಗೆ ಹೋಗುವ ಮಗಳೇ "ದೇವರಿದ್ದಾನೆಯೇ?" ಎಂದು ಕೇಳಿದಾಗ, ಮೊದಲು ಪೂರ್ತಿ ಕೇಳಿಸಿಕೊಳ್ಳೋಣ. ಗೊತ್ತಿಲ್ಲದಿದ್ದರೆ ಓದಿ ತಿಳಿಯೋಣ. ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ವಿನಯದಿಂದ ಉತ್ತರಿಸಲು ಸಂತ ಪೇತ್ರರು ಹೇಳುತ್ತಾರೆ (1 ಪೇತ್ರ 3:15-16). ಉತ್ತರ ಒಪ್ಪಿಗೆಯಾಗದಿದ್ದರೂ ಅವರು ನಮ್ಮ ಮನೆಗೆ ಮತ್ತೆ ಬರುವಂತಿರಲಿ. ಅಂಥ ಸೌಮ್ಯ ಹೃದಯವನ್ನು ಪ್ರಭು ನಮಗೆ ಅನುಗ್ರಹಿಸಲಿ.