ಹಲ್ಲಿನ ಮೇಲೆ ಉಳಿದ ನೀರು

ಜನವರಿಯಲ್ಲಿ ದಂತವೈದ್ಯರ ಬೋರ್ಡುಗಳ ಭಾಷೆ ಬದಲಾಗುತ್ತದೆ. ವರ್ಷವಿಡೀ ಹುಳುಕು, ವಸಡು, ರೂಟ್ ಕೆನಾಲ್ ಎನ್ನುತ್ತಿದ್ದ ಕ್ಲಿನಿಕ್ಕುಗಳು ಹೊಸ ವರ್ಷ ಹತ್ತಿರವಾದಂತೆ ‘ಸ್ಮೈಲ್ ಮೇಕ್‌ಓವರ್’ ಎನ್ನತೊಡಗುತ್ತವೆ. ಪುಣೆಯಾಗಲಿ, ಚೆನ್ನೈಯಾಗಲಿ, ಹೈದರಾಬಾದಾಗಲಿ, ಚಿತ್ರ ಮಾತ್ರ ಒಂದೇ: ಸುಣ್ಣ ಹೊಡೆದ ಗೋಡೆಯಷ್ಟು ಬೆಳ್ಳಗಿನ ಒಂದು ಸಾಲು ಹಲ್ಲು. ಬ್ಲೀಚಿಂಗ್, ವೆನೀರ್, ಬಾಂಡಿಂಗ್ ಎಂಬ ಮಾತುಗಳು ಈಗ ಮದುವೆಯ ಖರ್ಚಿನ ಪಟ್ಟಿಯಲ್ಲೂ ಕಾಣಿಸುತ್ತವೆ.

ಆ ಬೋರ್ಡನ್ನು ನೋಡಿ ಒಳಗೆ ಹೋಗುವವರಲ್ಲಿ ಒಂದು ಬಗೆಯ ಜನರಿದ್ದಾರೆ. ಅವರು ಫೋಟೊಗೆ ನಿಂತಾಗ ತುಟಿ ಬಿಗಿಹಿಡಿಯುತ್ತಾರೆ, ನಗು ಬಂದರೆ ಕೈ ಅಡ್ಡ ಹಿಡಿಯುತ್ತಾರೆ. ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಹಳದಿ ಇಲ್ಲವೇ ಕಂದು ಪಟ್ಟಿಗಳಿರುತ್ತವೆ. ಗುಟ್ಕಾ ತಿಂದವರಲ್ಲ, ಬೀಡಿ ಸೇದಿದವರಲ್ಲ, ಹಲ್ಲುಜ್ಜಲು ಸೋಮಾರಿತನ ಮಾಡಿದವರೂ ಅಲ್ಲ. ರಾಯಚೂರು, ಕೊಪ್ಪಳ, ಗದಗದ ಮುಂಡರಗಿ, ತುಮಕೂರಿನ ಪಾವಗಡ, ಕೋಲಾರದ ಕಡೆಯ ಓದುಗರಿಗೆ ನಾನು ಯಾರ ಮಾತಾಡುತ್ತಿದ್ದೇನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಕಂದು ಪಟ್ಟಿಗೂ ಕಾಸ್ಮೆಟಿಕ್ ದಂತವೈದ್ಯಕ್ಕೂ ನಾವು ಅಂದುಕೊಂಡದ್ದಕ್ಕಿಂತ ಹಳೆಯ ನಂಟಿದೆ.

ಮೊದಲು ಬಿಳುಪಿನ ಮಾತು ಮುಗಿಸೋಣ. ಹಲ್ಲು ಬೆಳ್ಳಗೇ ಇರಬೇಕೆಂಬುದು ಎಲ್ಲ ಕಾಲದ, ಎಲ್ಲ ದೇಶದ ನಿಯಮವಲ್ಲ. ನಮ್ಮ ಕವಿಗಳು ಹಲ್ಲನ್ನು ಮಲ್ಲಿಗೆಯ ಮೊಗ್ಗಿಗೂ ಹೋಲಿಸಿದ್ದಾರೆ, ದಾಳಿಂಬೆಯ ಬೀಜಕ್ಕೂ ಹೋಲಿಸಿದ್ದಾರೆ. ದಾಳಿಂಬೆ ಬೀಜ ಬೆಳ್ಳಗಿರುವುದಿಲ್ಲವಲ್ಲ! ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವನ್ನು ರಾಜನ ಭೋಗಗಳಲ್ಲಿ ಒಂದೆಂದು ಎಣಿಸಲಾಗಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ವೀಳ್ಯವನ್ನು ಕೊಂಡಾಡಿ ಬರೆದಿದ್ದಾನೆ. ದಖನ್ನಿನ ಮುಸ್ಲಿಂ ಮನೆಗಳಲ್ಲಿ ಹೆಂಗಸರು ಮಿಸ್ಸಿ ಹಚ್ಚಿ ಹಲ್ಲಿನ ಸಂದುಗಳನ್ನು ಬೇಕೆಂದೇ ಕಪ್ಪು ಮಾಡಿಕೊಳ್ಳುತ್ತಿದ್ದರು. ಜಪಾನಿನಲ್ಲಂತೂ ಶ್ರೀಮಂತ ಮನೆತನದವರು ಇಡೀ ಹಲ್ಲನ್ನೇ ಕಪ್ಪಾಗಿಸಿಕೊಳ್ಳುತ್ತಿದ್ದರು. ಸರ್ಕಾರ 1870ರಲ್ಲಿ ಅದನ್ನು ನಿಷೇಧಿಸಿತು, 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಉಳಿದವರೂ ನಿಧಾನಕ್ಕೆ ಬಿಟ್ಟರು. ಯುರೋಪಿನಲ್ಲಿ ಹಲ್ಲು ತೋರಿಸಿ ನಗುವುದೇ ಅಸಭ್ಯವೆನಿಸಿತ್ತು. 1787ರಲ್ಲಿ ಎಲಿಜಬೆತ್ ವಿಜೇ ಲೆ ಬ್ರನ್ ಎಂಬ ಚಿತ್ರಕಾರ್ತಿ ಮಗಳನ್ನು ಅಪ್ಪಿಕೊಂಡ ತನ್ನದೇ ಚಿತ್ರದಲ್ಲಿ ತುಟಿ ಬಿಡಿಸಿ ನಾಲ್ಕು ಹಲ್ಲು ಕಾಣಿಸಿದ್ದಕ್ಕೆ ಪ್ಯಾರಿಸಿನ ಗಣ್ಯರು ಹುಬ್ಬೇರಿಸಿದ್ದರು.

ಹೀಗಾಗಿ ಕಂದು ಹಲ್ಲು ಎಂಬುದು ‘ದೋಷ’ವಾದದ್ದು ಈಚಿನ ಸಂಗತಿ. ಆ ದೋಷದ ಮೂಲವನ್ನು ಮೊದಲು ಹುಡುಕಿದ್ದು ಅಮೆರಿಕದ ಒಂದು ಬೆಟ್ಟದೂರಿನಲ್ಲಿ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸದಾಗಿ ಪಾಸಾದ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಬೋರ್ಡು ಹಾಕಿದ. ಬಂದ ರೋಗಿಗಳ ಬಾಯಿ ನೋಡಿ ಬೆರಗಾದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಚಾಕಲೇಟ್ ಬಣ್ಣದ ಕಲೆಗಳು. ಉಜ್ಜಿದರೆ ಹೋಗುವುದಿಲ್ಲ. ಓದಿದ ಪುಸ್ತಕಗಳಲ್ಲಿ ಅದರ ಹೆಸರೇ ಇಲ್ಲ. ಊರವರು ಅದಕ್ಕೆ ‘ಕೊಲರಾಡೊದ ಕಂದು ಕಲೆ’ ಎನ್ನುತ್ತಿದ್ದರು. ಹಂದಿಮಾಂಸ ಹೆಚ್ಚು ತಿಂದದ್ದಕ್ಕೆ ಎಂದು ಕೆಲವರು, ಕೆಟ್ಟ ಹಾಲಿನಿಂದ ಎಂದು ಕೆಲವರು, ನೀರಿನ ದೋಷ ಎಂದು ಕೆಲವರು ಹೇಳುತ್ತಿದ್ದರು. 1909ರಲ್ಲಿ ಆ ಕಾಲದ ಅತಿ ದೊಡ್ಡ ದಂತತಜ್ಞ ಜಿ. ವಿ. ಬ್ಲ್ಯಾಕ್ ಮೆಕೇ ಜೊತೆ ಸೇರಿದರು. ಆ ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಹತ್ತಿರಹತ್ತಿರ 90 ಶೇಕಡಾ ಮಂದಿಗೆ ಕಲೆ ಇತ್ತು. ಹಲ್ಲಿನ ಮೇಲ್ಪದರವಾದ ಎನಾಮೆಲ್ ಎಳವೆಯಲ್ಲಿ ರೂಪುಗೊಳ್ಳುವಾಗಲೇ ಏನೋ ಎಡವಟ್ಟಾಗುತ್ತದೆ, ಹಲ್ಲು ಪೂರ್ತಿ ಬಲಿತು ಹುಟ್ಟಿದ ಮೇಲೆ ಊರಿಗೆ ಬಂದವರಿಗೆ ಅದು ಬರುವುದಿಲ್ಲ ಎಂಬುದು ಖಚಿತವಾಯಿತು. ಮತ್ತೊಂದು ವಿಚಿತ್ರವೂ ಕಂಡಿತು: ಈ ಕೊಳಕು ಕಾಣುವ ಹಲ್ಲುಗಳಲ್ಲಿ ಹುಳುಕು ಕಡಿಮೆ.

ಬ್ಲ್ಯಾಕ್ 1915ರಲ್ಲಿ ತೀರಿಕೊಂಡರು, ಮೆಕೇ ಮಾತ್ರ ಬಿಡಲಿಲ್ಲ. 1923ರಲ್ಲಿ ಆತ ಐಡಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿಗೆ ಹೋದ. ಅಲ್ಲಿನ ತಾಯಿತಂದೆಯರು ಹೇಳಿದರು: ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿಸಿದ ಮೇಲೆಯೇ ಮಕ್ಕಳ ಹಲ್ಲು ಹೀಗಾಗತೊಡಗಿದ್ದು. ಮೆಕೇ ನೀರನ್ನು ಪರೀಕ್ಷಿಸಿದ, ಅನುಮಾನ ಬರುವಂಥದ್ದೇನೂ ಸಿಗಲಿಲ್ಲ. ಆದರೂ ಆ ಪೈಪು ಬಿಡಿ, ಹತ್ತಿರದ ಬೇರೆ ಬುಗ್ಗೆಯ ನೀರು ತನ್ನಿ ಎಂದ. ಊರು ಒಪ್ಪಿತು. ಕೆಲವೇ ವರ್ಷಗಳಲ್ಲಿ ಓಕ್ಲಿಯ ಚಿಕ್ಕ ಮಕ್ಕಳ ಹೊಸ ಹಲ್ಲುಗಳು ಕಲೆಯಿಲ್ಲದೆ ಬಂದವು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಇದು. ಕಾರಣದ ಹೆಸರು ಗೊತ್ತಿಲ್ಲ, ರಸಾಯನಶಾಸ್ತ್ರದ ಬೆಂಬಲವಿಲ್ಲ. ತಾಯಂದಿರ ನೆನಪನ್ನು ನಂಬಿ ಒಂದು ಊರು ತನ್ನ ನೀರನ್ನೇ ಬದಲಾಯಿಸಿತು.

ಹೆಸರು ಸಿಕ್ಕಿದ್ದು 1931ರಲ್ಲಿ. ಆರ್ಕನ್ಸಾದ ಬಾಕ್ಸೈಟ್ ಎಂಬುದು ಅಲ್ಯೂಮಿನಿಯಂ ಕಂಪನಿ ಅಲ್ಕೋವಾ ಕಟ್ಟಿದ ಊರು. ಅಲ್ಲಿನ ಮಕ್ಕಳಿಗೂ ಅದೇ ಕಲೆ. ಅಲ್ಯೂಮಿನಿಯಂ ಪಾತ್ರೆ ವಿಷಕಾರಿ ಎಂಬ ಪುಕಾರು ಆಗ ಹಬ್ಬಿತ್ತು. ಇದೂ ಸೇರಿಕೊಂಡರೆ ವ್ಯಾಪಾರ ಮುಳುಗುತ್ತದೆಂದು ಕಂಪನಿಯ ಮುಖ್ಯ ರಸಾಯನತಜ್ಞ ಎಚ್. ವಿ. ಚರ್ಚಿಲ್ ಆ ಊರಿನ ನೀರನ್ನು ಹೊಸ ಉಪಕರಣದಲ್ಲಿ ಪರೀಕ್ಷಿಸಿದ. ಅದರಲ್ಲಿ ಅಲ್ಯೂಮಿನಿಯಂ ಅಲ್ಲ, ಫ್ಲೋರೈಡ್ ತುಂಬಿತ್ತು: ಲೀಟರಿಗೆ 13 ಮಿಲಿಗ್ರಾಂಗೂ ಹೆಚ್ಚು. ಮುಂದೆ ಟ್ರೆಂಡ್ಲಿ ಡೀನ್ ಎಂಬಾತ ಊರೂರು ಅಳೆದು, ಲೀಟರಿಗೆ 1 ಮಿಲಿಗ್ರಾಂನಷ್ಟಿದ್ದರೆ ಕಲೆಯ ಕಾಟ ಹೆಚ್ಚಿಲ್ಲ, ಹುಳುಕೂ ಕಡಿಮೆ ಎಂದು ತೋರಿಸಿದ. 1945ರಿಂದ ಅಮೆರಿಕದ ಊರುಗಳು ನೀರಿಗೆ ಫ್ಲೋರೈಡ್ ಬೆರೆಸತೊಡಗಿದ್ದು, ನಮ್ಮ ಟೂತ್‌ಪೇಸ್ಟಿಗೆ ಅದು ಬಂದದ್ದು ಎಲ್ಲದರ ಬೇರು ಆ ಕಂದು ಹಲ್ಲಿನಲ್ಲೇ ಇದೆ.

ಆದರೆ ಈಗಾಗಲೇ ಕಲೆ ಹೊತ್ತು ಓಡಾಡುತ್ತಿದ್ದವರ ಗತಿ? ನೀರು ಬದಲಾಯಿಸಿದರೆ ಅವರ ಹಲ್ಲೇನೂ ಬೆಳ್ಳಗಾಗದು. ಅದೇ ಕೊಲರಾಡೊ ಸ್ಪ್ರಿಂಗ್ಸ್‌ನ ಇನ್ನೊಬ್ಬ ದಂತವೈದ್ಯ ಹೈಡ್ರೊಕ್ಲೋರಿಕ್ ಆಮ್ಲವನ್ನು ಜಾಗ್ರತೆಯಿಂದ ಹಚ್ಚಿ ಕಲೆಯ ಮೇಲ್ಪದರವನ್ನು ತೆಗೆಯತೊಡಗಿದ. ಮೈಕ್ರೊಅಬ್ರೇಷನ್ ಎಂದು ಈಗ ಕ್ಲಿನಿಕ್ಕುಗಳು ಮಾಡುವ ಚಿಕಿತ್ಸೆಯ ಹಿರಿಯಜ್ಜ ಅದು.

ಇದೇ ಹೊತ್ತಿಗೆ ಬೆವರ್ಲಿ ಹಿಲ್ಸ್‌ನಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯನ ಹತ್ತಿರ ಸಿನಿಮಾದವರು ಬರತೊಡಗಿದ್ದರು. ಕ್ಯಾಮೆರಾ ಮುಖದ ಹತ್ತಿರ ಬಂದಿತ್ತು, ಹಲ್ಲಿನ ಸಂದು, ವಕ್ರ, ಬಣ್ಣ ಎಲ್ಲವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಪಿಂಕಸ್ ತೆಳ್ಳನೆಯ ಹೊದಿಕೆಗಳನ್ನು ಮಾಡಿ, ಕಟ್ಟುಹಲ್ಲು ಅಂಟಿಸುವ ಪುಡಿಯಿಂದ ಶೂಟಿಂಗಿನ ಮಟ್ಟಿಗೆ ಅಂಟಿಸಿ ಕೊಡುತ್ತಿದ್ದ. ಊಟಕ್ಕೆ ಮೊದಲು ತೆಗೆದಿಡಬೇಕು. ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಬಿದ್ದಾಗ ಜನರಿಗೆ ಅದು ಗೊತ್ತಾಗಬಾರದೆಂದು ಹೀಗೇ ಹೊದಿಕೆ ತೊಡಿಸಿದ್ದರು. ಆರು ವರ್ಷದ ಮಗುವಿಗೆ ಹಲ್ಲು ಬೀಳುವುದೂ ಮುಚ್ಚಿಡಬೇಕಾದ ಸಂಗತಿಯಾಯಿತು ನೋಡಿ!

ಆ ಹೊದಿಕೆ ಗಟ್ಟಿಯಾಗಿ ಕೂರಲು ಇನ್ನೂ ಸಮಯ ಹಿಡಿಯಿತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ಸಂಶೋಧಕ, ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಆಮ್ಲ ಹಚ್ಚುವುದನ್ನು ಗಮನಿಸಿ, ಎನಾಮೆಲ್ಲಿಗೆ ಅರೆ ನಿಮಿಷ ಫಾಸ್ಫಾರಿಕ್ ಆಮ್ಲ ಹಚ್ಚಿದ. ನುಣುಪಾದ ಮೇಲ್ಮೈ ತರಿತರಿಯಾಗಿ ರಾಳ ಕಚ್ಚಿಕೊಂಡಿತು. 1962ರಲ್ಲಿ ರಾಫೆಲ್ ಬೋವೆನ್ ಹಲ್ಲಿಗೊಪ್ಪುವ ಹೊಸ ರಾಳ ಕೊಟ್ಟ. 1980ರ ದಶಕದಲ್ಲಿ ಪಿಂಗಾಣಿಯ ವೆನೀರು ಬಂತು, 1989ರಲ್ಲಿ ರಾತ್ರಿ ಅಚ್ಚಿನೊಳಗೆ ಪೆರಾಕ್ಸೈಡ್ ಜೆಲ್ ಹಾಕಿ ಮಲಗುವ ಬ್ಲೀಚಿಂಗ್ ಬಂತು. ಜನವರಿಯ ಬೋರ್ಡಿನಲ್ಲಿರುವುದೆಲ್ಲ ಹೆಚ್ಚುಕಮ್ಮಿ ಇಷ್ಟೇ.

ಇನ್ನು ನಮ್ಮ ನೆಲಕ್ಕೆ ಬರೋಣ. ಕಲೆಗೆ ಫ್ಲೋರೈಡ್ ಕಾರಣವೆಂದು ಅಮೆರಿಕದಲ್ಲಿ ಗೊತ್ತಾದ ಆರು ವರ್ಷಕ್ಕೆ, 1937ರಲ್ಲಿ, ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಎಚ್. ಇ. ಶಾರ್ಟ್ ಮತ್ತು ಜೊತೆಗಾರರು ನೆಲ್ಲೂರು ಜಿಲ್ಲೆಯ ಹಳ್ಳಿಗಳ ವರದಿ ಪ್ರಕಟಿಸಿದರು. ಅಲ್ಲಿ ಹಲ್ಲಿನ ಕಲೆಯಷ್ಟೇ ಇರಲಿಲ್ಲ. ಬೆನ್ನು ಬಾಗಿದವರು, ಕುತ್ತಿಗೆ ತಿರುಗಿಸಲಾಗದವರು, ಕೀಲು ಬಿಗಿದು ಹಾಸಿಗೆ ಹಿಡಿದವರು ಇದ್ದರು. ಕಾಕತಾಳೀಯವೆಂಬಂತೆ ಅದೇ 1937ರಲ್ಲಿ ಮುಂಬೈಯಲ್ಲಿ ಕೋಲ್ಗೇಟ್ ಕಂಪನಿ ತನ್ನ ಭಾರತದ ಶಾಖೆಯನ್ನು ನೋಂದಾಯಿಸಿತು. ಬೇವಿನಕಡ್ಡಿ, ಇದ್ದಿಲು, ಕರಿ ಹಲ್ಲುಪುಡಿಯ ಮನೆಗಳಿಗೆ ಬಿಳಿ ಹಲ್ಲೆಂದರೆ ಶಿಸ್ತು, ಶಾಲೆ, ನಾಗರಿಕತೆ ಎಂಬ ಪಾಠವನ್ನು ಮುಂದಿನ ದಶಕಗಳಲ್ಲಿ ಜಾಹೀರಾತುಗಳು ತಲುಪಿಸಿದವು. ಕಂದು ಹಲ್ಲಿನ ಹುಡುಗ ‘ಸರಿಯಾಗಿ ಉಜ್ಜದವನು’ ಆದದ್ದು ಆಗ. ಮೇಷ್ಟರು ಬೈದರೆಂದು ಇಟ್ಟಿಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ಎನಾಮೆಲ್ ಸವೆಸಿಕೊಂಡವರಿದ್ದಾರೆ. ಕಲೆ ಎನಾಮೆಲ್ಲಿನ ಒಳಗೇ ಇರುವಾಗ ತಿಕ್ಕಿದರೆ ಹೋಗುವುದು ಹೇಗೆ?

ದಖನ್ನಿನ ಗ್ರಾನೈಟು, ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಮೊದಲಿನಿಂದಲೂ ಇದೆ. ನೀರು ಎಷ್ಟು ಆಳದಲ್ಲಿ, ಎಷ್ಟು ಕಾಲ ಆ ಕಲ್ಲನ್ನು ಹಚ್ಚಿಕೊಂಡಿರುತ್ತದೋ ಅಷ್ಟು ಹೆಚ್ಚು ಅದು ಕರಗುತ್ತದೆ. ಹಳೆಯ ಕಾಲದಲ್ಲಿ ಉತ್ತರ ಕರ್ನಾಟಕದವರು ಕೆರೆ, ಹಳ್ಳ, ಮೆಟ್ಟಿಲು ಬಾವಿಗಳ ನೀರು ಕುಡಿಯುತ್ತಿದ್ದರು. ಆ ನೀರಿನ ಶಾಪ ಬೇರೆ ಇತ್ತು: ನಾರುಹುಣ್ಣು. ಕಾಲಿನಿಂದ ಮಾರುದ್ದದ ಹುಳು ಹೊರಬರುವ ಆ ರೋಗದ ನೆನಪು ರಾಯಚೂರು, ಕಲಬುರಗಿ, ವಿಜಯಪುರದ ಹಿರಿಯರಿಗೆ ಇನ್ನೂ ಇದೆ. ಹುಣ್ಣಿನ ಕಾಲನ್ನು ನೀರಿಗಿಳಿಸಬಾರದು, ಮೆಟ್ಟಿಲು ಬಾವಿಯ ನೀರು ಕುಡಿಯಬಾರದು, ಅದಕ್ಕೆ ದಾರಿ ಕೊಳವೆಬಾವಿ ಮತ್ತು ಕೈಪಂಪು. ಯುನಿಸೆಫ್‌ನ ಕೊರೆಯುವ ಯಂತ್ರಗಳು, ಇಂಡಿಯಾ ಮಾರ್ಕ್ 2 ಪಂಪು, ಸರ್ಕಾರದ ನಿರ್ಮೂಲನ ಯೋಜನೆ ಎಲ್ಲ ಸೇರಿ ಕೆಲಸ ಮಾಡಿದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಸಾರ್ವಜನಿಕ ಆರೋಗ್ಯದ ದೊಡ್ಡ ಗೆಲುವು ಅದು, ಕಡಿಮೆ ಮಾಡಿ ಹೇಳಬಾರದು. ಆದರೆ ಆ ಕೈಪಂಪುಗಳಲ್ಲಿ ಎಷ್ಟೋ ನೇರ ಫ್ಲೋರೈಡಿನ ಕಲ್ಲಿಗೆ ಇಳಿದಿದ್ದವು. ಅಂತರ್ಜಲ ಕುಸಿದಂತೆ ಬೋರು ಇನ್ನೂ ಆಳಕ್ಕೆ ಹೋಯಿತು. ಅಜ್ಜನ ಕಾಲಲ್ಲಿ ನಾರುಹುಣ್ಣಿನ ಗುರುತು, ಮೊಮ್ಮಗನ ಹಲ್ಲಲ್ಲಿ ಕಂದು ಪಟ್ಟಿ.

ಪರಿಹಾರವನ್ನು ಯಾರೂ ಹುಡುಕಲಿಲ್ಲವೆಂದಲ್ಲ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರಿನಿಂದ ಫ್ಲೋರೈಡ್ ಇಳಿಸುವ ವಿಧಾನ ರೂಪಿಸಿತು, ಅದಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರು. ಹೈದರಾಬಾದಿನ ಓದುಗರಿಗೆ ಆ ಜಿಲ್ಲೆ ಎರಡು ತಾಸಿನ ದಾರಿ. ಈಗ ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳಿವೆ, ಕೆಲವು ಕಡೆ ನದಿಯ ನೀರು ಪೈಪಿನಲ್ಲಿ ಬರುತ್ತಿದೆ. ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಬೋರಿನ ಕಡೆಗೇ ನಡೆಯುತ್ತಾರೆ. ಅತ್ತ ಕರ್ನಾಟಕವೋ ದಂತವೈದ್ಯ ಕಾಲೇಜುಗಳ ರಾಜ್ಯ. 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, 1965ರಲ್ಲಿ ಮಣಿಪಾಲ, ಆಮೇಲೆ ಸಾಲುಸಾಲು. ರಾಯಚೂರಿನಲ್ಲೇ ದಂತ ಕಾಲೇಜುಗಳಿವೆ. ಹಲ್ಲು ತಿದ್ದುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ.

ಹಾಗಾದರೆ ಕಲೆಯುಳ್ಳವರು ಚಿಕಿತ್ಸೆ ಮಾಡಿಸಿಕೊಳ್ಳಬಾರದೇ? ಮಾಡಿಸಿಕೊಳ್ಳಲಿ. ಇಂಟರ್‌ವ್ಯೂನಲ್ಲಿ ಬಾಯಿ ಬಿಡಲು ಹೆದರುವ ಹುಡುಗಿಗೆ ‘ಬಿಳುಪೆಂಬುದು ಹಾಲಿವುಡ್ಡಿನ ಭ್ರಮೆ’ ಎಂದು ಉಪದೇಶ ಮಾಡುವುದು ನನಗೆ ಅಹಂಕಾರವಾಗಿ ಕಾಣುತ್ತದೆ. ಆದರೆ ಕೆಲವನ್ನು ತಿಳಿದು ಹೋಗುವುದೊಳ್ಳೆಯದು. ಫ್ಲೋರೋಸಿಸ್ ಇರುವ ಹಲ್ಲಿಗೆ ಬರೀ ಬ್ಲೀಚ್ ಮಾಡಿದರೆ ಸುತ್ತಲಿನ ಬಣ್ಣ ತಿಳಿಯಾಗುವ ಮೊದಲು ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಾಣಬಹುದು. ಕಲೆ ತೆಳುವಾಗಿದ್ದರೆ ಮೈಕ್ರೊಅಬ್ರೇಷನ್, ಇಲ್ಲವೇ ಮಚ್ಚೆಯೊಳಗೆ ತೆಳು ರಾಳ ಇಳಿಸುವ ವಿಧಾನ ಸಾಕಾಗಬಹುದು. ವೆನೀರಿಗೆ ಸಾಮಾನ್ಯವಾಗಿ ಎನಾಮೆಲ್ಲನ್ನು ಅರ್ಧ ಮಿಲಿಮೀಟರಿನಷ್ಟು ಕೆರೆಯಬೇಕು. ಕೆರೆದದ್ದು ಮತ್ತೆ ಬೆಳೆಯುವುದಿಲ್ಲ, ವೆನೀರೂ ಜೀವನಪೂರ್ತಿ ಬಾಳುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಹಾಕಿಸಿಕೊಂಡವರು ಮುಂದೆ ಮತ್ತೆ ಮತ್ತೆ ಬದಲಾಯಿಸಬೇಕಾಗುತ್ತದೆ. ಸಣ್ಣದರಿಂದ ಶುರುಮಾಡುವ ವೈದ್ಯರನ್ನು ಹುಡುಕಿ. ನಿಮ್ಮ ಊರು ಯಾವುದು, ಎಳವೆಯಲ್ಲಿ ಯಾವ ನೀರು ಕುಡಿದಿರಿ ಎಂದು ಕೇಳುವವರಾದರೆ ಇನ್ನೂ ಒಳ್ಳೆಯದು.

ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲುಗಳಿಗೆ ಕಲೆ ಕೂರುವ ಅಪಾಯ ಅತಿ ಹೆಚ್ಚಿರುವುದು ಮಗುವಿನ ಎರಡನೆಯ ಮತ್ತು ಮೂರನೆಯ ವರ್ಷದಲ್ಲಿ. ಆ ಹಲ್ಲುಗಳು ಹುಟ್ಟಿ ಕಣ್ಣಿಗೆ ಬೀಳುವುದು ಏಳೆಂಟನೆಯ ವರ್ಷಕ್ಕೆ. ಈ ಜನವರಿಯಲ್ಲಿ ಊರಿನ ಮನೆಯಲ್ಲಿ ಅಂಬೆಗಾಲಿಡುತ್ತಿರುವ ಕೂಸಿನ ದವಡೆಯೊಳಗೆ ಅವು ಈಗಲೇ ರೂಪುಗೊಳ್ಳುತ್ತಿವೆ, ಲೋಟದಲ್ಲಿರುವುದು ಯಾವ ನೀರೋ ಅದರಿಂದ.