ಬನವಾಸಿಯ ಶ್ರೀ ಮಧುಕೇಶ್ವರ ದೇವಾಲಯ: ಪ್ರವಾಸಿಗರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಬನವಾಸಿಯು ವರದಾ ನದಿಯ ದಂಡೆಯಲ್ಲಿದ್ದು, ಕದಂಬರ ರಾಜಧಾನಿಯಾಗಿತ್ತು. ಇಲ್ಲಿನ ಶ್ರೀ ಮಧುಕೇಶ್ವರ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವೂ ಆಗಿರುವುದರಿಂದ ಸಂದರ್ಶಕರು ದೇವಾಲಯದ ಪದ್ಧತಿ ಹಾಗೂ ಸ್ಮಾರಕದ ನಿಯಮ ಎರಡನ್ನೂ ಪಾಲಿಸತಕ್ಕದ್ದು.

ಮಾರ್ಗ: ಬನವಾಸಿಯು ಶಿರಸಿಯಿಂದ ಸುಮಾರು 23 ಕಿ.ಮೀ. ದೂರದಲ್ಲಿದೆ. ಸಿದ್ದಾಪುರ ಹಾಗೂ ಯಲ್ಲಾಪುರದಿಂದ ಬರುವವರು ಶಿರಸಿಯ ಮೂಲಕ ತಲುಪಬಹುದು.

ನೋಡತಕ್ಕವು: ಜೇನುಬಣ್ಣದ ಶಿವಲಿಂಗ, ಬೃಹತ್ ನಂದಿ, ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳುಳ್ಳ ಸಭಾಮಂಟಪ, ತ್ರಿಲೋಕ ಮಂಟಪ, ಕಲ್ಲಿನ ಮಂಚ ಹಾಗೂ ಅಷ್ಟದಿಕ್ಪಾಲಕರ ಗುಡಿಗಳು. ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪವು ಸುಮಾರು ಕ್ರಿ.ಶ. 2ನೇ ಶತಮಾನದ್ದು. ರಾಜಕುಮಾರಿ ಶಿವಸ್ಕಂದನಾಗಶ್ರೀಯು ನಾಗ, ಕೆರೆ ಹಾಗೂ ವಿಹಾರವನ್ನು ದಾನವಿತ್ತ ವಿಷಯವು ಇದರ ಮೇಲಿನ ಪ್ರಾಕೃತ ಶಾಸನದಲ್ಲಿದೆ. ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ.

ಸೂಚನೆಗಳು:
1. ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು. ಪೂಜಾ ಸಮಯದಲ್ಲಿ ಮೌನವಿರಲಿ.
2. ಗರ್ಭಗುಡಿಯ ಛಾಯಾಚಿತ್ರ ತೆಗೆಯುವ ಮುನ್ನ ಅರ್ಚಕರನ್ನು ಕೇಳತಕ್ಕದ್ದು. ಚಲನಚಿತ್ರ ಚಿತ್ರೀಕರಣಕ್ಕೆ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಅಗತ್ಯ.
3. ಶಾಸನಗಳಿಗೆ ಎಣ್ಣೆ, ಕುಂಕುಮ ಹಚ್ಚಬಾರದು. ಕಂಬಗಳ ಮೇಲೆ ಹೆಸರು ಗೀಚಬಾರದು. ಸವೆದುಹೋದ ಅಕ್ಷರವನ್ನು ಮತ್ತೆ ಪಡೆಯಲಾಗದು.
4. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರಲ್ಲಿ ತಿದ್ದುಪಡಿಯಾದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಅನ್ವಯ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.